ಹನ್ನೆರಡು ಮಂದಿಯ ಮುಂದೆ ಆಡಿದ ಮಾತು

ಶಹಾಬಾದಿ ಕಲ್ಲಿನ ನೆಲದ ಮೇಲೆ ತೂಕದ ಯಂತ್ರ ಇಡುವುದು ತಿಳಿದಷ್ಟು ಸುಲಭವಲ್ಲ. ಒಂದು ಕಲ್ಲು ತುಸು ವಾಲಿರುತ್ತದೆ, ಇನ್ನೊಂದರ ಅಂಚು ಎದ್ದಿರುತ್ತದೆ. ಒಬ್ಬಳೇ ಹೆಂಗಸು ಈ ಕಲ್ಲಿನಿಂದ ಆ ಕಲ್ಲಿಗೆ ಹೋಗಿ ನಿಂತರೆ ಮುಕ್ಕಾಲು ಕಿಲೋ ವ್ಯತ್ಯಾಸ. ಸುಲೇಪೇಟದ ಆ ಸಭಾಭವನದಲ್ಲಿ ನಾನು ಮೊದಲ ದಿನವೇ ಒಬ್ಬ ಗೌಂಡಿಯಿಂದ ರಸಮಟ್ಟ ಇಸಿದುಕೊಂಡು, ಕಲ್ಲು ಕಲ್ಲಿಗೂ ಇಟ್ಟು ನೋಡಿ, ಮೂರನೇ ಕಿಟಕಿಯ ಕೆಳಗಿನ ಒಂದು ಕಲ್ಲನ್ನು ಆರಿಸಿ ಬಣ್ಣದಲ್ಲಿ ಗುರುತು ಹಾಕಿದೆ. ಬಾಗಿಲ ಹತ್ತಿರದ ಕಲ್ಲು ತೂಕ ಕಡಿಮೆ ತೋರಿಸುತ್ತದೆ ಎಂಬುದನ್ನು ಹೆಂಗಸರು ಎರಡೇ ವಾರದಲ್ಲಿ ಕಂಡುಹಿಡಿದಿದ್ದರು. ಯಂತ್ರವನ್ನು ಅಲ್ಲಿಗೇ ಒಯ್ಯಿರಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ನನ್ನನ್ನು ಪುಸಲಾಯಿಸುತ್ತಿದ್ದರು.

ಆ ವರ್ಷ ನಾನು ಒಂದು ಸಂಸ್ಥೆಯ ಫಿಸಿಯೋಥೆರಪಿಸ್ಟ್ ಆಗಿ ವಾರಕ್ಕೆ ನಾಲ್ಕು ಊರುಗಳಲ್ಲಿ ಮೊಣಕಾಲು ಸವೆದವರಿಗೆ ವ್ಯಾಯಾಮ ಕಲಿಸುತ್ತಿದ್ದೆ. ಸೋಮವಾರ ಸೇಡಂ, ಮಂಗಳವಾರ ಸುಲೇಪೇಟ, ಬುಧವಾರ ವಾಡಿ, ಗುರುವಾರ ಶಹಾಬಾದ್. ವಾಡಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಮನೆಗೆ ಹೋಗಿ ಮಲಗಿಬಿಡುತ್ತಿದ್ದರು. ಸುಲೇಪೇಟದ ಹೆಂಗಸರು ಹಾಗಲ್ಲ, ಪ್ರತಿಯೊಂದಕ್ಕೂ ವಾದಕ್ಕೆ ನಿಲ್ಲುವವರು. ಅದಕ್ಕೇ ನನಗೆ ಮಂಗಳವಾರ ಇಷ್ಟ. ನನ್ನ ತವರು ಚಿತ್ತಾಪುರ. ಬಾಯಿ ಜೋರು ಎಂಬ ಹೆಸರನ್ನು ಅಲ್ಲಿಂದಲೇ ಕಟ್ಟಿಕೊಂಡು ಬಂದವಳು ನಾನು. ನೋವಿನವರನ್ನು ನಗಿಸಿದರೆ ಮುಂದಿನ ವಾರವೂ ಬರುತ್ತಾರೆ ಎಂದು ನಂಬಿದ್ದೆ. ಆ ನಂಬಿಕೆ ಪೂರ್ತಿ ಸುಳ್ಳೂ ಆಗಿರಲಿಲ್ಲ.

ವರ್ಗ ಶುರುವಾದದ್ದು ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರೂವರೆಗೆ. ಹನ್ನೆರಡು ಜನ. ಅವರಲ್ಲೊಬ್ಬರು ಐವತ್ಮೂರು ವರ್ಷದ ಹೆಂಗಸು, ಹತ್ತಿರದ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡಿದ್ದರು. ಮಗ ಟಂಟಂ ಆಟೋ ಓಡಿಸುತ್ತಿದ್ದ. ಮನೆಯಲ್ಲಿ ಸೊಸೆ, ಮೊಮ್ಮಕ್ಕಳು. ಎರಡೂ ಮೊಣಕಾಲಿನ ಒಳಬದಿ ಸವೆದಿತ್ತು, ಎಡಗಾಲು ಬಿಲ್ಲಿನಂತೆ ಹೊರಗೆ ಬಾಗಿತ್ತು. ಕಾಯಿಲೆಯ ಬಗ್ಗೆ ಕೇಳಿದರೆ ಅವರು ಹೇಳಿದ್ದು ಕೆಲಸದ ಬಗ್ಗೆ.

"ನಮಾಜಿಗಿ ಕುರ್ಚಿ ತೊಗೊಂಡೀನ್ರಿ ಮೇಡಂ, ಅದು ನಡೀತದ. ಸಾಲ್ಯಾಗ ಡಬರಿ ಮುಂದ ಕುರ್ಚಿ ಹಾಕ್ಕೊಂಡು ಕುಂತ್ರ ನಾಳಿಗಿ ಬರಬ್ಯಾಡ ಅಂತಾರ."

ನೂರಾ ಅರವತ್ತು ಮಕ್ಕಳ ಅಡುಗೆ. ಒಲೆ ನೆಲಮಟ್ಟದಲ್ಲಿ. ಅಕ್ಕಿ ತೊಳೆಯಲು, ಬೇಳೆ ತಿರುವಲು, ಡಬರಿ ಇಳಿಸಲು, ಪಾತ್ರೆ ತಿಕ್ಕಲು ಎಲ್ಲದಕ್ಕೂ ಕುಕ್ಕರಗಾಲು. ಎಂಟು ವರ್ಷದಿಂದ ಆ ಕೆಲಸ ಮಾಡುತ್ತಿದ್ದರು. ಊರಿನಲ್ಲಿ ಅವರಿಗೆ ಒಂದು ಮರ್ಯಾದೆ ಎಂಬುದಿದ್ದರೆ ಅದು ಆ ಅಡುಗೆಮನೆಯಿಂದ ಬಂದದ್ದು.

ನನ್ನ ಕ್ರಮ ಸರಳ. ಮೊದಲು ಮೂರು ಅಳತೆ: ತೂಕ, ಹತ್ತಕ್ಕೆ ಎಷ್ಟು ನೋವು, ಮತ್ತು ಕುರ್ಚಿ ಪರೀಕ್ಷೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರು ಎಂಬುದನ್ನು ಎಣಿಸುವುದು. ಆಮೇಲೆ ವ್ಯಾಯಾಮ. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ಐದು ಎಣಿಸುವುದು. ಮಲಗಿ ಕಾಲನ್ನು ನೇರವಾಗಿ ಒಂದು ಗೇಣು ಎತ್ತುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಮೊದಲ ವಾರ ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ನಡಿಗೆ, ವಾರಕ್ಕೆ ಎರಡೆರಡು ನಿಮಿಷ ಹೆಚ್ಚು. ಊಟದಲ್ಲಿ ನಾಲ್ಕು ರೊಟ್ಟಿಯವರಿಗೆ ಎರಡೂವರೆ, ಜೊತೆಗೆ ಪಲ್ಯ ಬೇಳೆ ಜಾಸ್ತಿ, ಚಹಾದ ಸಕ್ಕರೆ ಅರ್ಧ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ, ಮೈ ಹಗುರಾದಷ್ಟೂ ಸವೆದ ಕೀಲಿನ ಭಾರ ಕಡಿಮೆ. ಇದರಲ್ಲಿ ಪವಾಡವಿಲ್ಲ, ಅದಕ್ಕೇ ಮೂರು ತಿಂಗಳು ಬೇಕು. ಮೊದಲ ದಿನ ಖಾಲಾರ ತೂಕ ಎಪ್ಪತ್ತೆಂಟು, ನೋವು ಏಳು, ಕುರ್ಚಿಯಿಂದ ಎದ್ದದ್ದು ಏಳು ಸಲ.

ಬೇಸಿಗೆ ರಜೆಯಲ್ಲಿ ಅವರು ನನ್ನ ಜಾಣ ವಿದ್ಯಾರ್ಥಿಯಾಗಿದ್ದರು. ದಿನಾ ಬೆಳಿಗ್ಗೆ ಬಿಸಿಲು ಏರುವ ಮೊದಲೇ ನಡಿಗೆ ಮುಗಿಸುತ್ತಿದ್ದರು. ಮೇ ಕೊನೆಗೆ ತೂಕ ಎಪ್ಪತ್ತಾರೂವರೆ, ನೋವು ಐದು, ಕುರ್ಚಿ ಹತ್ತು. ಆ ಹಾಳೆಯನ್ನು ನಾನು ಸೇಡಂನಲ್ಲೂ ಶಹಾಬಾದಿನಲ್ಲೂ ತೋರಿಸಿ ಬೀಗಿದೆ.

ಜೂನ್‌ನಲ್ಲಿ ಶಾಲೆ ತೆರೆಯಿತು. ಎರಡನೇ ವಾರ ಬಂದಾಗ ನೋವು ಎಂಟಕ್ಕೆ ಏರಿತ್ತು, ಎಡ ಮೊಣಕಾಲು ಬಾತಿತ್ತು. ಇದು ಏರುತ್ತದೆ ಇಳಿಯುತ್ತದೆ, ಟವೆಲ್ ಒತ್ತುವುದನ್ನು ಬಿಡಬೇಡಿ, ಪಾತ್ರೆಯನ್ನಾದರೂ ನಿಂತು ತಿಕ್ಕಿ ಎಂದೆ. ಖಾಲಾ ಹೂಂ ಎಂದರು. ಅದರ ಮುಂದಿನ ವಾರ ನೋವು ಎರಡಕ್ಕೆ ಇಳಿದಿತ್ತು. ಇಷ್ಟು ಬೇಗ ಹೇಗೆ ಎಂದು ನಾನು ಕೇಳಬೇಕಿತ್ತು. ನನ್ನ ಟವೆಲ್ಲಿನ ಮಹಿಮೆ ಎಂದುಕೊಂಡೆ.

ಆಮೇಲೆ ಅಂಕಿಗಳು ಅಡ್ಡದಾರಿ ಹಿಡಿದವು. ಜುಲೈಯಲ್ಲಿ ತೂಕ ಎಪ್ಪತ್ತೊಂಬತ್ತೂವರೆ. ಆಗಸ್ಟ್ ಮೊದಲ ವಾರ ಎಂಬತ್ತನಾಲ್ಕು. ಮುಖ ದುಂಡಗಾಗಿ ಗಲ್ಲ ಕೆಂಪಾಗಿತ್ತು. ನಾನು ಅದನ್ನೂ ಊಟದ ಲೆಕ್ಕಕ್ಕೇ ಹಾಕಿದೆ. ಏನು ತಿಂದಿರಿ ಎಂದರೆ ಎರಡು ರೊಟ್ಟಿ ಎನ್ನುತ್ತಿದ್ದರು. ಎರಡು ರೊಟ್ಟಿ ತಿಂದು ಯಾರೂ ಎರಡು ತಿಂಗಳಲ್ಲಿ ಏಳು ಕಿಲೋ ಏರುವುದಿಲ್ಲ, ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ನನ್ನ ಹಾಳೆ ಕೆಟ್ಟಿತಲ್ಲ ಎಂಬ ಸಿಟ್ಟೇ ಅದರಲ್ಲಿ ಹೆಚ್ಚು ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಮಂಗಳವಾರ ಖಾಲಾ ಯಂತ್ರದಿಂದ ಇಳಿದು, ಕಲ್ಲು ಸರಿ ಇಲ್ಲವೇನೋ, ಬಾಗಿಲ ಹತ್ತಿರ ಒಮ್ಮೆ ನೋಡೋಣವೇ ಎಂದು ಮೆಲ್ಲಗೆ ಕೇಳಿದರು. ಉಳಿದ ಹನ್ನೊಂದು ಜನ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು.

"ಖಾಲಾ, ಕಲ್ಲಿಂದು ತಪ್ಪಿಲ್ಲ," ಎಂದೆ. "ಸೌಟು ನಿಮ್ಮ ಕೈಯಾಗದ. ಹುಡುಗ್ರ ಪಾಲು ಎಷ್ಟು, ನಿಮ್ಮ ಪಾಲು ಎಷ್ಟು, ಖರೇ ಹೇಳ್ರಿ."

ಎಲ್ಲರೂ ನಕ್ಕರು. ಖಾಲಾನೂ ನಕ್ಕರು. ಸೆರಗು ಸರಿ ಮಾಡಿಕೊಂಡು ಹೋಗಿ ತಮ್ಮ ಚಾಪೆಯ ಮೇಲೆ ಕೂತರು. ನಾನು ಎಂಬತ್ತನಾಲ್ಕು ಎಂದು ಬರೆದು ಮುಂದಿನವರನ್ನು ಕರೆದೆ. ಎಲುಬಿಲ್ಲದ ನಾಲಿಗೆ, ಒಂದು ಸಲ ಹೊರಳಿ ಸುಮ್ಮನಾಯಿತು.

ಮುಂದಿನ ಐದಾರು ವಾರ ಅವರು ತಪ್ಪದೆ ಬಂದರು. ಮಾತು ಕಡಿಮೆಯಾಗಿತ್ತು. ತೂಕಕ್ಕೆ ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಿದ್ದರು. ನಾನು ಗಮನಿಸಿದ್ದು ಬೇರೆಯದನ್ನು. ನೋವು ಎರಡರಲ್ಲೇ ನಿಂತಿತ್ತು, ಆದರೆ ಕುರ್ಚಿ ಪರೀಕ್ಷೆ ಎಂಟು, ಆಮೇಲೆ ಆರು, ಸೆಪ್ಟೆಂಬರ್ ನಡುವೆ ನಾಲ್ಕು. ನಾಲ್ಕನೆಯ ಸಲಕ್ಕೆ ಕೈಯೂರಿ ಎದ್ದರು. ಕಾಲು ನೋಯುತ್ತದೆಯೇ ಎಂದೆ. ಇಲ್ಲ, ತೊಡೆಯಲ್ಲಿ ಜೀವವೇ ಇಲ್ಲದಂತಾಗಿದೆ ಎಂದರು.

ಮೊಣಕಾಲು ಸವೆದವರು ನೋವಿಗೆ ಹೆದರಿ ಏಳುವುದಿಲ್ಲ. ನೋವು ಇಳಿದರೆ ಎಣಿಕೆ ಏರಬೇಕು. ನೋವಿಲ್ಲದೆಯೂ ಏಳಲಾರರು ಎಂದರೆ ಕೆಟ್ಟಿರುವುದು ಕೀಲಲ್ಲ. ವರ್ಗ ಮುಗಿದ ಮೇಲೆ ಅವರನ್ನು ಉಳಿಸಿಕೊಂಡು ಟೇಪು ಹಿಡಿದು, ಮೊದಲ ದಿನ ಅಳೆದಿದ್ದ ತೊಡೆಯನ್ನು ಮತ್ತೆ ಅಳೆದೆ. ಏಪ್ರಿಲ್‌ಗಿಂತ ಮೂರು ಸೆಂಟಿಮೀಟರ್ ಕಡಿಮೆ. ಮೈ ಎಂಬತ್ತಾರು ಕಿಲೋಗೆ ಏರಿದೆ, ತೊಡೆ ಬಡವಾಗಿದೆ. ಬಂದ ಭಾರವೆಲ್ಲ ಹೊಟ್ಟೆ, ಮುಖ, ಕತ್ತಿನ ಹಿಂಭಾಗದಲ್ಲಿ ಕೂತಿತ್ತು. ಮುಂಗೈಯಲ್ಲಿ ನೇರಳೆ ಬಣ್ಣದ ಕಲೆಗಳು. ಬಳೆ ತಾಗಿದರೂ ಹೀಗಾಗುತ್ತದೆ ಎಂದರು. ಹಾಗಾದರೆ ಬೇರೆ ಏನು ಔಷಧ ತೆಗೆದುಕೊಳ್ಳುತ್ತೀರಿ ಎಂದು ಅವತ್ತು, ಐದು ತಿಂಗಳ ಮೇಲೆ, ಮೊದಲ ಸಲ ಕೇಳಿದೆ.

ಖಾಲಾ ತಮ್ಮ ಚೀಲದ ಒಳಗಿಂದ ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಸಣ್ಣ ಪೊಟ್ಟಣಗಳನ್ನು ತೆಗೆದರು. ಗಡಿಯಾಚೆ ತೆಲಂಗಾಣದ ಒಂದು ಊರಿನಿಂದ ತಿಂಗಳಿಗೊಮ್ಮೆ ಒಬ್ಬ ಬರುತ್ತಾನೆ. ಬೇರು ನಾರಿನ ಪುಡಿ ಎನ್ನುತ್ತಾನೆ. ಬೆಳಿಗ್ಗೆ ಒಂದು, ಸಂಜೆ ಒಂದು ನೀರಿನಲ್ಲಿ ಕುಡಿದರೆ ಮಧ್ಯಾಹ್ನದೊಳಗೆ ನೋವು ಮಾಯ. ಬೂದು ಬಣ್ಣದ ಪುಡಿಯ ನಡುವೆ ಅರೆದ ಮಾತ್ರೆಯ ಬಿಳಿ ಚೂರು ನನ್ನ ಕಣ್ಣಿಗೇ ಕಂಡವು. ಸ್ಟೀರಾಯ್ಡ್ ಇರಲೇಬೇಕು ಎಂದು ತಿಳಿಯಲು ನನಗೆ ಪ್ರಯೋಗಾಲಯ ಬೇಕಿರಲಿಲ್ಲ. ಆ ಮುಖ, ಆ ತೊಡೆ, ಆ ಕಲೆಗಳೇ ಹೇಳುತ್ತಿದ್ದವು.

ಯಾಕೆ ತೆಗೆದುಕೊಂಡಿರಿ ಎಂದೆ.

"ಮೂರು ತಿಂಗಳು ತಡೀರಿ ಅಂತೀರಿ ನೀವು. ಸಾಲಿ ನನಗ ಮೂರು ದಿನ ತಡಿಯಂಗಿಲ್ರಿ."

"ನನಗ ಮೊದಲೇ ಯಾಕ ಹೇಳಲಿಲ್ರಿ?"

"ಹೇಳಿದ್ರ ಎಲ್ಲಾರ ಮುಂದ ಏನರ ಅಂತೀರಿ."

ಆಮೇಲೆ ಉಳಿದದ್ದೂ ಬಂತು. ವರ್ಗದಲ್ಲಿದ್ದ ಒಬ್ಬಾಕೆಯ ಗಂಡ ಖಾಲಾರ ಶಾಲೆಯ ಅಭಿವೃದ್ಧಿ ಸಮಿತಿಯ ಸದಸ್ಯ. ಆಗಸ್ಟ್‌ನಲ್ಲಿ ನಾನು ಮಾಡಿದ ತಮಾಷೆ ಆಕೆಯ ಜೊತೆ ಮನೆಗೆ ಹೋಗಿತ್ತು. ಡಾಕ್ಟರ್ ಮೇಡಂ ತೂಕ ಹಾಕಿ ಹೇಳಿದ್ದಾರಂತೆ ಎಂದಾಗಿ ಅದು ಸಮಿತಿಗೆ ಮುಟ್ಟಿತ್ತು. ಆ ವಾರದಿಂದ ಅಕ್ಕಿ ಬೇಳೆ ಅಳೆಯುವಾಗ ಒಬ್ಬ ಶಿಕ್ಷಕರು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊಟ್ಟೆಯ ದಿನ ಸುಲಿದ ಸಿಪ್ಪೆ ಎಣಿಸುತ್ತಿದ್ದರು. ಖಾಲಾ ಶಾಲೆಯ ಅನ್ನ ಬಾಯಿಗೆ ಹಾಕುವುದನ್ನೇ ಬಿಟ್ಟು ಮನೆಯಿಂದ ಒಂದು ರೊಟ್ಟಿ ಕಟ್ಟಿಕೊಂಡು ಹೋಗಿ, ಎಲ್ಲರಿಗೂ ಕಾಣುವಂತೆ ಅಂಗಳದ ಬೇವಿನ ಗಿಡದ ಕೆಳಗೆ ಕೂತು ತಿನ್ನುತ್ತಿದ್ದರು. ಅಷ್ಟಾದರೂ ತೂಕ ಏರುತ್ತಲೇ ಇತ್ತು. ಏರಿದಷ್ಟೂ ಜನ ನನ್ನ ಮಾತನ್ನೇ ನಂಬುತ್ತಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಅದು ನನಗಾಗಿಯೇ ಇತ್ತು. ಆದ ತಪ್ಪನ್ನು ಆ ಗಳಿಗೆಯಲ್ಲೇ ಸರಿಮಾಡಿಬಿಡಬೇಕು ಎಂಬ ಆತುರ ಹತ್ತಿತು. ಪೊಟ್ಟಣಗಳನ್ನು ಮುಷ್ಟಿಯಲ್ಲಿ ಹಿಡಿದು, ಇಷ್ಟಕ್ಕೆಲ್ಲ ಇದೇ ಕಾರಣ ಎಂದು ವಿವರಿಸಿದೆ. ನೀವು ತಿಂದು ದಪ್ಪ ಆಗಿಲ್ಲ ಎಂದೆ. ಖಾಲಾರ ಕಣ್ಣಲ್ಲಿ ನೀರು ಬಂತು.

"ಇವತ್ತಿನಿಂದ ಒಂದು ಪುಡಿನೂ ಬಾಯಿಗಿ ಹಾಕಬ್ಯಾಡ್ರಿ," ಎಂದೆ.

"ಬಿಟ್ರ ತೂಕ ಇಳೀತದೇನ್ರಿ? ಸಾಲ್ಯಾಗ ಮಂದಿಗಿ ಕಾಣಂಗ ಇಳೀಬೇಕು."

ಇಳಿಯುತ್ತದೆ ಎಂದೆ. ಪೊಟ್ಟಣಗಳನ್ನೆಲ್ಲ ನನ್ನ ಬ್ಯಾಗಿಗೆ ಹಾಕಿಕೊಂಡೆ. ಸೇಡಂಗೆ ಹಿಂದಿರುಗುವಾಗ ಬಸ್ಸಿನಲ್ಲಿ ಮನಸ್ಸು ತುಸು ಹಗುರಾಗಿತ್ತು.

ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಹೋದರೆ ಮೈ ತಾನು ತಯಾರಿಸುವುದನ್ನು ಮರೆಯುತ್ತದೆ. ದಿನಾ ಟ್ಯಾಂಕರ್ ನೀರು ತರಿಸಿಕೊಂಡ ಮನೆಯಲ್ಲಿ ಬಾವಿ ಹೂಳು ತುಂಬಿದ ಹಾಗೆ. ಹೂಳು ತೆಗೆಯುವ ಮೊದಲೇ ಟ್ಯಾಂಕರ್ ನಿಲ್ಲಿಸಿದರೆ ಮನೆಯವರಿಗೆ ಕುಡಿಯಲು ನೀರಿಲ್ಲ. ವೈದ್ಯರು ನೋಡಿ, ವಾರ ವಾರಕ್ಕೂ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇದನ್ನು ನಾನು ಓದಿರಲಿಲ್ಲ ಎಂದಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಅವತ್ತು ಪೊಟ್ಟಣ ಕೈಗೆ ಸಿಕ್ಕ ಖುಷಿಯಲ್ಲಿ, ಕಳ್ಳ ಸಿಕ್ಕನಲ್ಲ ಎಂಬ ಹುಮ್ಮಸ್ಸಿನಲ್ಲಿ, ಅದು ನನ್ನ ನೆನಪಿಗೇ ಬರಲಿಲ್ಲ. ಔಷಧ ನಿಲ್ಲಿಸಿ ಎನ್ನುವ ಅಧಿಕಾರವೂ ನನಗಿರಲಿಲ್ಲ. ಅವರನ್ನು ಅದೇ ಸಂಜೆ ವೈದ್ಯರ ಹತ್ತಿರ ಕಳಿಸುವುದಷ್ಟೇ ನನ್ನ ಕೆಲಸವಾಗಿತ್ತು.

ಮುಂದಿನ ಸೋಮವಾರ ಹನ್ನೊಂದೂವರೆಗೆ, ಸೇಡಂ ವರ್ಗದ ನಡುವೆ, ಖಾಲಾರ ಮಗನ ಫೋನು ಬಂತು. ಶುಕ್ರವಾರದಿಂದ ವಾಂತಿ, ತಲೆಸುತ್ತು, ಮೈಕೈ ಕೀಳುವ ನೋವು. ಪುಡಿ ಬಿಟ್ಟಿದ್ದಕ್ಕೆ ಹಾಗಾಗುತ್ತದೆ, ಮೇಡಂ ಹೇಳಿದ್ದಾರೆ, ತಡೆಯಬೇಕು ಎಂದು ಖಾಲಾ ಯಾರ ಮಾತನ್ನೂ ಕೇಳಿರಲಿಲ್ಲ. ರಜೆ ಹಾಕಿದರೆ ಅದಕ್ಕೂ ಒಂದು ಮಾತು ಬರುತ್ತದೆ ಎಂದು ಸೋಮವಾರ ಶಾಲೆಗೆ ಹೋದವರು ಬೇಳೆ ತೊಳೆಯುತ್ತಲೇ ಕುಸಿದಿದ್ದರು. ಚಿಂಚೋಳಿಯಲ್ಲಿ ಗ್ಲೂಕೋಸ್ ಹಚ್ಚಿ ಕಲಬುರಗಿಗೆ ಕಳಿಸಿದ್ದರು.

ನಾನು ಮುಟ್ಟುವಾಗ ಮೂರು ದಾಟಿತ್ತು. ಅಲ್ಲಿನ ವೈದ್ಯರು ರಕ್ತದೊತ್ತಡ ಸಿಗುತ್ತಿಲ್ಲ, ರಕ್ತದಲ್ಲಿ ಉಪ್ಪು ಇಳಿದಿದೆ, ಇವರು ಏನು ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು. ಬ್ಯಾಗಿನಿಂದ ಪೊಟ್ಟಣ ತೆಗೆದುಕೊಟ್ಟು ಎಲ್ಲ ಹೇಳಿದೆ. ಅವರು ಬಿಚ್ಚಿ ನೋಡಿ, ನರ್ಸಿಗೆ ಯಾವ ಇಂಜೆಕ್ಷನ್ ಎಂದು ತಿಳಿಸಿ, ಆಮೇಲೆ ನನ್ನ ಕಡೆ ತಿರುಗಿ ಒಮ್ಮೆಲೇ ನಿಲ್ಲಿಸಲು ಯಾರು ಹೇಳಿದರು ಎಂದರು. ನಾನೇ ಎಂದೆ. ಅವರು ಬೈಯಲಿಲ್ಲ. ಇನ್ನೆರಡು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗಿನ ಬೆಂಚಿನ ಮೇಲೆ ಮಗ ಕೂತಿದ್ದ. ನನ್ನನ್ನು ಕಂಡು ಎದ್ದು ಜಾಗ ಕೊಟ್ಟ. "ಅಮ್ಮಿ ನೀವು ಹೇಳಿದ್ದು ಒಂದೂ ತಪ್ಪಿಸಿಲ್ರಿ ಮೇಡಂ," ಎಂದ. ಅವನು ದೂರುತ್ತಿರಲಿಲ್ಲ. ತಾಯಿಯ ಪರವಾಗಿ ನನಗೆ ಸಮಜಾಯಿಷಿ ಕೊಡುತ್ತಿದ್ದ. ಆ ಬೆಂಚಿನ ಮೇಲೆ ಕೂತು ನಾನು ಅತ್ತೆ.

ಖಾಲಾ ಉಳಿದರು. ಒಂಬತ್ತು ದಿನ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಇಳಿಸುತ್ತ ಹೋಗುವ ಮಾತ್ರೆಗಳು. ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಅವರ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ಕಳ್ಳತನ ಎಂದು ಯಾರೂ ಹೇಳಲಿಲ್ಲ. ಆರೋಗ್ಯ ಸರಿಯಿಲ್ಲ, ಒಲೆಯ ಮುಂದೆ ಮತ್ತೆ ಏನಾದರೂ ಆದರೆ ಯಾರು ಜವಾಬ್ದಾರಿ ಎಂದರಂತೆ. ಊರಿನಲ್ಲಿ ಮಾತ್ರ, ತಿಂದು ತಿಂದೇ ಬಿದ್ದಳು ಎಂಬ ಮಾತು ಉಳಿಯಿತು.

ನವೆಂಬರ್‌ನಲ್ಲಿ ಒಂದು ಮಂಗಳವಾರ ವರ್ಗಕ್ಕೆ ಮೊದಲು ಹಳ್ಳಿಯ ಅವರ ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಸೊಸೆ ಚಹಾ ಕೊಟ್ಟಳು, ಸಕ್ಕರೆ ಕಡಿಮೆ ಹಾಕಿದ್ದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನು ಹೇಳಿದೆ: ಆ ಮಾತು ತಪ್ಪು, ಪುಡಿಯ ವಿಷಯದಲ್ಲಿ ಕೊಟ್ಟ ಸಲಹೆಯೂ ತಪ್ಪು, ಕ್ಷಮಿಸಬೇಕು.

"ನಾ ತಿಂದಿಲ್ಲಂತ ನನಗ ಗೊತ್ತದ್ರಿ ಮೇಡಂ," ಎಂದರು. "ಅದನ್ನ ನನಗ ಹೇಳಾಕ ಇಷ್ಟು ದೂರ ಬಂದೀರಿ. ನೀವು ಅಂದಿದ್ದು ಹನ್ನೆರಡು ಮಂದಿ ಮುಂದ. ಹೇಳಾದಿದ್ರ ಅಲ್ಲಿ ಹೇಳ್ರಿ."

ಹಳ್ಳಿಯಿಂದ ಸುಲೇಪೇಟಕ್ಕೆ ಬರುವ ದಾರಿಯಲ್ಲಿ ನನ್ನೊಳಗೆ ಬಹಳ ಜಗ್ಗಾಟ ನಡೆಯಿತು. ತಪ್ಪು ಸಲಹೆ ಕೊಟ್ಟೆ ಎಂದು ಬಾಯಿಬಿಟ್ಟರೆ ನಾಲ್ಕು ಊರಿನಲ್ಲಿ ಯಾರು ನನ್ನ ಮಾತು ಕೇಳುತ್ತಾರೆ? ಟವೆಲ್ ಒತ್ತಿ ಎಂದರೆ ನಗುವುದಿಲ್ಲವೇ? ಸಂಸ್ಥೆಯವರು ಏನನ್ನುತ್ತಾರೆ? ಸಭಾಭವನದ ಮೆಟ್ಟಿಲು ಹತ್ತುವವರೆಗೂ ಹೇಳುತ್ತೇನೆ ಎಂಬ ಧೈರ್ಯ ನನಗಿರಲಿಲ್ಲ. ಅಲ್ಲಿ ಖಾಲಿ ಇದ್ದ ಹನ್ನೆರಡನೆಯ ಚಾಪೆಯನ್ನು ಯಾರೋ ಸುತ್ತಿ ಮೂಲೆಗಿಟ್ಟಿದ್ದು ಕಂಡಿತು. ಹೇಳಿಬಿಡೋಣ ಎಂದು ಆಗ ಗಟ್ಟಿ ಮಾಡಿದೆ.

ಅವತ್ತು ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಎದುರು ಕೂತು ಮೊದಲಿನಿಂದ ಹೇಳಿದೆ. ಆಗಸ್ಟ್‌ನಲ್ಲಿ ನಾನಾಡಿದ ಮಾತಿಗೆ ಆಧಾರವಿರಲಿಲ್ಲ. ಖಾಲಾರ ತೂಕ ಏರಿದ್ದು ಪುಡಿಯಿಂದ. ಅವರು ಬಿದ್ದದ್ದು ನಾನು ಆ ಪುಡಿಯನ್ನು ಒಂದೇ ದಿನಕ್ಕೆ ಬಿಡಿಸಿದ್ದರಿಂದ. ಅವರು ಮಕ್ಕಳ ಅನ್ನ ತಿಂದಿಲ್ಲ. ಸಮಿತಿ ಸದಸ್ಯನ ಹೆಂಡತಿ ತಲೆ ಎತ್ತದೆ ತನ್ನ ಚೀಲದ ಜಿಪ್ಪು ತೆಗೆದಳು. ಅದೇ ಪತ್ರಿಕೆಯ ಹಾಳೆ, ಅದೇ ಪೊಟ್ಟಣ.

"ಆಕಿಗಿ ಕೊಡಿಸಿದಾಕಿ ನಾನೇ ರಿ," ಎಂದಳು.

ಆಕೆಯ ಹಿಂದೆ ಇನ್ನೂ ಐದು ಜನ ತೆಗೆದರು. ಆರು ಜನ, ವಾರ ವಾರವೂ ನನ್ನ ಮುಂದೆಯೇ ಕೂತು ಟವೆಲ್ ಒತ್ತುತ್ತಿದ್ದವರು. ಪುಡಿಯ ವಿಷಯ ಉಳಿದವರಿಗೂ ಗೊತ್ತಿತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ನಗಿಸಿ ನಗಿಸಿ ಅವರ ಬಾಯಿ ಕಟ್ಟಿದ್ದೆ.

ಈ ಸಲ ಪೊಟ್ಟಣ ಕಸಿದುಕೊಳ್ಳಲಿಲ್ಲ. ನಾಳೆ ಬೆಳಿಗ್ಗೆಯೂ ತೆಗೆದುಕೊಳ್ಳಿ, ತಾವಾಗಿ ಯಾರೂ ಬಿಡಬೇಡಿ ಎಂದು ಬರೆದುಕೊಟ್ಟು, ವಾಡಿಯ ವರ್ಗ ರದ್ದು ಮಾಡಿ, ಮರುದಿನವೇ ಆರೂ ಜನರನ್ನು ವೈದ್ಯರ ಹತ್ತಿರ ಕರೆದೊಯ್ದೆ. ಒಬ್ಬೊಬ್ಬರಿಗೂ ಸಕ್ಕರೆ, ರಕ್ತದೊತ್ತಡದ ಪರೀಕ್ಷೆ, ಇಳಿಸುವ ಮಾತ್ರೆಯ ಪಟ್ಟಿ. ಪುಡಿ ನಿಂತ ಹಾಗೆ ನೋವು ಮರಳಿತು, ಚಳಿಗಾಲ ಬೇರೆ. ಮೂವರು, ಮೊದಲೇ ಆರಾಮಿದ್ದೆವು, ನೀವೇ ಕೆಡಿಸಿದಿರಿ ಎಂದು ಬರುವುದನ್ನು ಬಿಟ್ಟರು. ಅವರಲ್ಲೊಬ್ಬರು ಮತ್ತೆ ಪುಡಿಗೇ ಹೋದರು ಎಂದು ಕೇಳಿದೆ. ಈಗ ನಾನು ಯಾವ ಊರಿನಲ್ಲೂ ತೂಕವನ್ನು ಪರದೆಯ ಹಿಂದೆ ನೋಡುತ್ತೇನೆ, ಅಂಕಿಯನ್ನು ಗಟ್ಟಿಯಾಗಿ ಓದುವುದಿಲ್ಲ. ಮೊದಲ ದಿನವೇ ಮನೆಯಲ್ಲಿರುವ ಮಾತ್ರೆ, ಪುಡಿ, ಕಷಾಯ ಎಲ್ಲವನ್ನೂ ತರಲು ಹೇಳುತ್ತೇನೆ. ತಂದಾಗ ಸುಮ್ಮನೆ ನೋಡುತ್ತೇನೆ.

ಶಾಲೆಗೂ ಹೋದೆ. ಮುಖ್ಯಶಿಕ್ಷಕರು ಕುರ್ಚಿ ಹಾಕಿಸಿ, ಸಮಿತಿಯ ಇಬ್ಬರನ್ನು ಕರೆಸಿ, ನಾನು ಹೇಳಿದ್ದನ್ನೆಲ್ಲ ಮರ್ಯಾದೆಯಿಂದ ಕೇಳಿದರು. ಆ ಹೆಂಗಸಿನ ಮೇಲೆ ನಾವು ಯಾವ ಆರೋಪವನ್ನೂ ಹೊರಿಸಿಲ್ಲ, ಎಲ್ಲೂ ಒಂದಕ್ಷರ ಬರೆದಿಲ್ಲ, ಬೇಕಾದರೆ ಪುಸ್ತಕ ನೋಡಿ ಎಂದರು. ನಿಜ, ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಹೊಡೆದುಹಾಕಿ ಎನ್ನಬಹುದಿತ್ತು.

ಖಾಲಾ ವರ್ಗಕ್ಕೆ ಮರಳಿದ್ದು ಫೆಬ್ರವರಿಯಲ್ಲಿ. ಮಗ ಟಂಟಂನಲ್ಲಿ ಕರೆತಂದ. ಮುಖ ಮೊದಲಿನ ಆಕಾರಕ್ಕೆ ಬಂದಿತ್ತು. ತೂಕ ಎಪ್ಪತ್ತೇಳು, ನೋವು ಆರು, ಕುರ್ಚಿ ಐದು. ಎಲ್ಲ ಮೊದಲಿನಿಂದ. ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟುಕೊಂಡು, ತಾವೇ ಐದರವರೆಗೆ ಎಣಿಸುತ್ತ ಒತ್ತಿದರು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು ಒಂದು ಚೀಟಿ ಬರೆದುಕೊಡಿ ಎಂದರು. ಶಾಲೆಗೆ ಕೊಡಲಿಕ್ಕೇನು, ಮತ್ತೆ ಕೆಲಸಕ್ಕೆ ಕೇಳುತ್ತೀರೇನು ಎಂದೆ.

"ಕೆಲಸ ಹೋಯ್ತು ಬಿಡ್ರಿ. ಮೊಮ್ಮಗಳು ಅದೇ ಸಾಲ್ಯಾಗ ಮೂರನೇತ್ತಾ ಅದಾಳ. ಊಟಕ್ಕ ಕುಂತ್ರ ಹುಡುಗ್ರು ಅಂತಾವಂತ, ನಿಮ್ಮ ದಾದಿ ನಮ್ಮ ಊಟ ತಿಂದಾಳ, ನೀ ಯಾಕ ತಾಟು ಹಿಡಿದಿ ಅಂತ. ಈಗ ಆಕಿ ಊಟಕ್ಕ ಮನಿಗೇ ಬರ್ತಾಳ. ನನಗ ಏನೂ ಕೇಳಂಗಿಲ್ರಿ. ಸುಮ್ಮ ಮಾರಿ ನೋಡ್ತಾಳ. ಆಕಿಗಿ ಓದಾಕ ಬರ್ತದ. ದೊಡ್ಡ ಅಕ್ಷರದಾಗ ಬರೀರಿ."

ನೋಟ್‌ಬುಕ್ಕಿನ ಹಾಳೆ ಹರಿದುಕೊಂಡೆ. ಮೂರನೇ ತರಗತಿಯ ಮಗು ತಡವರಿಸದೆ ಓದುವಂತೆ, ಅಜ್ಜಿಯನ್ನು ಅವಳು ಕರೆಯುವ ಹಾಗೆ ದಾದಿ ಎಂದೇ, ಬಿಡಿ ಬಿಡಿಯಾಗಿ ಬರೆದೆ: ನಿನ್ನ ದಾದಿ ಮಕ್ಕಳ ಊಟ ತಿಂದಿಲ್ಲ. ದಾದಿಗೆ ಕಾಯಿಲೆ ಇತ್ತು. ತಪ್ಪು ಮಾತು ಆಡಿದವಳು ನಾನು. ಕೆಳಗೆ ಹೆಸರು ಬರೆದು ಸಹಿ ಹಾಕಿದೆ. ಖಾಲಾ ಒಮ್ಮೆ ಓದಿಸಿ ಕೇಳಿ, ನಾಲ್ಕಾಗಿ ಮಡಿಸಿ ಎದೆಯ ಹತ್ತಿರ ಇಟ್ಟುಕೊಂಡರು.

ಚೀಟಿ ಕೊಟ್ಟು ವರ್ಷವಾಗುತ್ತ ಬಂತು. ಆ ಹುಡುಗಿ ಅದನ್ನು ಓದಿ ತನ್ನ ಕನ್ನಡ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳಂತೆ. ಮಧ್ಯಾಹ್ನದ ಊಟಕ್ಕೆ ಈಗಲೂ ಮನೆಗೇ ಹೋಗುತ್ತಾಳೆ.